ಬಳಸಿದ ವಸ್ತುವಿನ ವರ್ಣನೆಯೂ ಬರೆಯುವ ಯಂತ್ರವೂ

ಕೊಡುಕೊಳ್ಳುವ ವ್ಯವಹಾರವೆಲ್ಲ ಎರಡು ಆಧಾರಗಳ ಮೇಲೆ ನಡೆಯುತ್ತದೆ. ಒಂದು ಕಣ್ಣು, ಇನ್ನೊಂದು ಮಾತು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನಿಗೆ ಮಾರುವವನ ಮಾತು ಅಷ್ಟಾಗಿ ಬೇಕಿಲ್ಲ. ಕಾಯನ್ನು ತಿರುಗಿಸಿ ನೋಡಿ ಹುಳುಕನ್ನು ತಾನೇ ಕಂಡುಕೊಳ್ಳುತ್ತಾನೆ. ಆದರೆ ವಸ್ತು ಒಂದು ಊರಿನಲ್ಲಿ, ಕೊಳ್ಳುವವನು ಇನ್ನೊಂದು ಊರಿನಲ್ಲಿ ಇದ್ದಾಗ ಕಣ್ಣು ಮಾಡಬೇಕಾದ ಕೆಲಸವನ್ನೂ ಮಾತೇ ಮಾಡಬೇಕಾಗುತ್ತದೆ. ಅಂತರ್ಜಾಲದಲ್ಲಿ ನಡೆಯುವ ಸೆಕೆಂಡ್ ಹ್ಯಾಂಡ್ ವ್ಯಾಪಾರ ಈ ಎರಡನೆಯ ಬಗೆಗೆ ಸೇರಿದುದು. ಅಲ್ಲಿ ಒಂದೆರಡು ಚಿತ್ರಗಳ ಕೆಳಗೆ ಬರೆದಿರುವ ನಾಲ್ಕೈದು ಸಾಲುಗಳ ವರ್ಣನೆಯೇ ಮಾರುವವನ ಮಾತು. ಈ ಮಾತನ್ನು ಈಗ ಮನುಷ್ಯನಿಗೆ ಬದಲಾಗಿ ಕೃತಕ ಬುದ್ಧಿಮತ್ತೆಯ ಯಂತ್ರ ಬರೆಯತೊಡಗಿದೆ. ಇದರಿಂದ ಆಗತಕ್ಕ ಲಾಭವೇನು, ಕೇಡೇನು, ಇದನ್ನು ಬಳಸುವ ಯೋಗ್ಯ ಕ್ರಮ ಯಾವುದು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯ ದೃಷ್ಟಿಯಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ವಿಷಯ ಬಹಳ ಸಣ್ಣದೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮಂಥ ಸರ್ಕಾರಿ ಕಾಲೇಜಿನಲ್ಲಿ ಸೈಕಲನ್ನಾಗಲಿ, ಫೋನನ್ನಾಗಲಿ, ಪಠ್ಯಪುಸ್ತಕಗಳನ್ನಾಗಲಿ ಹೊಸದಾಗಿ ಕೊಳ್ಳಲಾರದವರೇ ಹೆಚ್ಚು. ಎರಡು ಮೂರು ಸಾವಿರ ರೂಪಾಯಿ ನಮ್ಮಲ್ಲಿ ಅನೇಕರಿಗೆ ಒಂದು ತಿಂಗಳ ಊಟದ ಹಣ. ಒಂದು ಸುಳ್ಳು ವರ್ಣನೆಯನ್ನು ನಂಬಿ ಅದನ್ನು ಕಳೆದುಕೊಂಡವನಿಗೆ ವಿಷಯ ಸಣ್ಣದಾಗಿ ಕಾಣುವುದಿಲ್ಲ.

ಬಳಸಿದ ವಸ್ತುಗಳ ಮಾರಾಟ ಹೊಸದೇನಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳನ್ನು ಕೊಂಡು ಓದಿ ಪರೀಕ್ಷೆಗೆ ಕುಳಿತವರು ತಲೆಮಾರುಗಳಿಂದ ಇದ್ದಾರೆ. ಅಲ್ಲಿ ಕೊಳ್ಳುವವನು ಪುಟಗಳನ್ನು ಮಗುಚಿ ನೋಡುತ್ತಾನೆ; ಹಾಳೆ ಹರಿದಿದ್ದರೆ ಬೆಲೆ ಇಳಿಸಿ ಕೇಳುತ್ತಾನೆ. ವ್ಯಾಪಾರ ಅಂತರ್ಜಾಲಕ್ಕೆ ಹೋದ ಮೇಲೆ ಹೀಗೆ ಮಗುಚಿ ನೋಡುವ ಅವಕಾಶ ತಪ್ಪಿತು. ಅಮೆರಿಕದಲ್ಲಿ 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಒಂದು ಹರಾಜಿನ ತಾಣವನ್ನು ಪ್ರಾರಂಭಿಸಿದರು. ಅದೇ ಮುಂದೆ ಈಬೇ ಎಂದು ಹೆಸರಾಯಿತು. ಅಲ್ಲಿ ಮೊಟ್ಟಮೊದಲು ಮಾರಾಟವಾದುದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್ ಎಂದು ಹೇಳುತ್ತಾರೆ. ಬಂದ ಬೆಲೆ 14.83 ಡಾಲರ್. ಅದು ಕೆಟ್ಟಿದೆಯೆಂಬುದು ಗೊತ್ತಿದೆಯೇ ಎಂದು ಕೊಂಡವನನ್ನು ವಿಚಾರಿಸಲಾಗಿ, ಕೆಟ್ಟ ಪಾಯಿಂಟರುಗಳನ್ನು ಕೂಡಿಡುವುದೇ ತನ್ನ ಹವ್ಯಾಸವೆಂದು ಆತ ಉತ್ತರ ಕೊಟ್ಟನಂತೆ. ಕೆಟ್ಟಿದೆ ಎಂದು ಹೇಳಿಯೂ ವಸ್ತುವನ್ನು ಮಾರಬಹುದು ಎಂಬ ಪಾಠ ಈ ವ್ಯಾಪಾರದ ಹುಟ್ಟಿನಲ್ಲಿಯೇ ಇದೆ.

ಮುಂದೆ 2006ರಲ್ಲಿ ಓಎಲ್‌ಎಕ್ಸ್, 2008ರಲ್ಲಿ ಕ್ವಿಕರ್, 2016ರಲ್ಲಿ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಹುಟ್ಟಿಕೊಂಡವು. ನಮ್ಮ ಊರುಗಳ ಸೈಕಲ್, ಮಂಚ, ಹೊಲಿಗೆ ಯಂತ್ರಗಳು ಕೂಡ ಇಂಥ ತಾಣಗಳಿಗೆ ಏರಿದವು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂತು. ಮರುವರ್ಷವೇ, ಎಂದರೆ 2023ರಲ್ಲಿ, ಈಬೇ ಸಂಸ್ಥೆಯವರು ವಸ್ತುವಿನ ಚಿತ್ರವೊಂದನ್ನು ಕೊಟ್ಟರೆ ಶೀರ್ಷಿಕೆಯನ್ನೂ ವರ್ಣನೆಯನ್ನೂ ಯಂತ್ರವೇ ಬರೆದುಕೊಡುವ ಉಪಕರಣವನ್ನು ಪ್ರಕಟಿಸಿದರು. ಅದೇ ವರ್ಷ ಅಮೆಜಾನ್ ಕೂಡ ತನ್ನ ತಾಣದಲ್ಲಿ ಮಾರುವವರಿಗೆ ಇಂಥ ಅನುಕೂಲವನ್ನು ಒದಗಿಸಿತು. ಈಗ ಕೈಯಲ್ಲಿ ಫೋನಿರುವ ಯಾರೇ ಆಗಲಿ ಒಂದು ನಿಮಿಷದಲ್ಲಿ ಚೆಂದದ ವರ್ಣನೆಯನ್ನು ಪಡೆಯಬಹುದು.

ಈ ಯಂತ್ರ ಹೇಗೆ ಬರೆಯುತ್ತದೆ ಎಂಬುದನ್ನು ಸ್ಥೂಲವಾಗಿಯಾದರೂ ತಿಳಿದುಕೊಳ್ಳಬೇಕು. ಮನುಷ್ಯರು ಬರೆದಿಟ್ಟ ಅಪಾರ ಬರಹರಾಶಿಯನ್ನು ಅದಕ್ಕೆ ಉಣಿಸಿ, ಒಂದು ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕವನ್ನು ಕಲಿಸಿರುತ್ತಾರೆ. ಬರೆಯುವಾಗ ಅದು ಆ ಲೆಕ್ಕದಂತೆ ಮಾತಿಗೆ ಮಾತನ್ನು ಜೋಡಿಸುತ್ತ ಹೋಗುತ್ತದೆ. ಆದುದರಿಂದ ಸೈಕಲ್ಲುಗಳನ್ನು ಕುರಿತು ಜನರು ಸಾಮಾನ್ಯವಾಗಿ ಏನು ಬರೆಯುತ್ತಾರೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ನಿಮ್ಮ ಮನೆಯ ಜಗುಲಿಗೆ ಒರಗಿರುವ ಸೈಕಲ್ಲಿನ ಸ್ಥಿತಿ ಮಾತ್ರ ನೀವು ಹೇಳದ ಹೊರತು ಅದಕ್ಕೆ ಗೊತ್ತಿಲ್ಲ. ಚಿತ್ರವನ್ನು ಕೊಟ್ಟರೆ ಬಣ್ಣವನ್ನೂ ಕಂಪನಿಯ ಹೆಸರನ್ನೂ ಗುರುತಿಸೀತು. ಪೆಡಲ್ ತುಳಿದಾಗ ಬರುವ ಕಟಕಟ ಸದ್ದನ್ನು ಚಿತ್ರದಿಂದ ತಿಳಿಯಲಾರದು. ಗೊತ್ತಿಲ್ಲದ ಜಾಗವನ್ನು ಬರಿದಾಗಿ ಬಿಡುವ ಬದಲು ಅಲ್ಲಿ ಸಾಮಾನ್ಯವಾಗಿ ಇರಬಹುದಾದುದನ್ನು ತುಂಬಿಬಿಡುವುದು ಈ ಯಂತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ‘ನನ್ನ ಹಳೆಯ ಸೈಕಲನ್ನು ಮಾರಬೇಕು, ಒಳ್ಳೆಯ ವರ್ಣನೆ ಬರೆದುಕೊಡು’ ಎಂದು ಇಷ್ಟನ್ನೇ ಕೇಳಿದರೆ ದೊರೆಯುವ ಬರಹ ಹೆಚ್ಚುಕಡಿಮೆ ಈ ರೀತಿಯದಾಗಿರುತ್ತದೆ:

“ನಿಮ್ಮ ದೈನಂದಿನ ಪ್ರಯಾಣಕ್ಕೆ ನಿಷ್ಠಾವಂತ ಸಂಗಾತಿ! ಮೃದುವಾಗಿ ಬಳಸಲ್ಪಟ್ಟ ಈ ಸೈಕಲ್ ಅತ್ಯುತ್ತಮ ಸ್ಥಿತಿಯಲ್ಲಿದ್ದು, ನಯವಾದ ಗೇರುಗಳನ್ನೂ ಶಕ್ತಿಯುತ ಬ್ರೇಕುಗಳನ್ನೂ ಹೊಂದಿದೆ. ನಿಯಮಿತವಾಗಿ ಸರ್ವಿಸ್ ಮಾಡಿಸಲಾಗಿದೆ. ಈ ಅಪೂರ್ವ ಅವಕಾಶವನ್ನು ಕಳೆದುಕೊಳ್ಳಬೇಡಿ!”

ಮಾರಬೇಕಾಗಿರುವುದು ಗೇರುಗಳೇ ಇಲ್ಲದ, ಹಾಲಿನವರು ಕ್ಯಾನು ಕಟ್ಟಿಕೊಂಡು ಹೋಗುವಂಥ ಕಪ್ಪು ಸೈಕಲ್ ಎಂದಿಟ್ಟುಕೊಳ್ಳಿ. ಸರ್ವಿಸ್ ಮಾಡಿಸಿದ ವಿಷಯವನ್ನು ಯಂತ್ರಕ್ಕೆ ಯಾರೂ ಹೇಳಿಲ್ಲ. ಮೇಲಾಗಿ ‘ಮೃದುವಾಗಿ ಬಳಸಲ್ಪಟ್ಟ’ ಎಂದು ಯಾವ ಕನ್ನಡಿಗನೂ ಆಡುವುದಿಲ್ಲ. ‘ಹೆಚ್ಚು ಓಡಿಲ್ಲ’, ‘ಜೋಪಾನವಾಗಿ ಇಟ್ಟುಕೊಂಡದ್ದು’ ಎನ್ನುವುದು ನಮ್ಮ ಮಾತು. ಇಂಗ್ಲಿಷಿನ ಜಾಹೀರಾತಿನ ಮಾತುಗಳಿಗೆ ಕನ್ನಡದ ಅಂಗಿ ತೊಡಿಸಿದ ಹಾಗೆ ಈ ವರ್ಣನೆ ಇದೆ. ಓದುವವನಿಗೆ ಸೈಕಲ್ ಕಾಣುವುದಿಲ್ಲ.

ಹಾಗಾದರೆ ಈ ಯಂತ್ರವನ್ನು ದೂರವಿಡಬೇಕೆ? ಹಾಗೆಂದು ನಾನು ಹೇಳಲಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವನು. ಬರಹ ಬಾರದವನ ಕಷ್ಟ ಏನೆಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಈ ತಾಣಗಳಲ್ಲಿ ವರ್ಣನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಒಂದೇ ಬಗೆಯ ಎರಡು ಹೊಲಿಗೆ ಯಂತ್ರಗಳಿದ್ದು, ಒಂದರ ಕೆಳಗೆ ಶುದ್ಧವಾದ ಇಂಗ್ಲಿಷಿನಲ್ಲಿ ಆರು ಸಾಲುಗಳೂ ಇನ್ನೊಂದರ ಕೆಳಗೆ ‘ಮಿಷನ್ ಸೇಲ್’ ಎಂಬ ಎರಡೇ ಪದಗಳೂ ಇದ್ದರೆ, ಗಿರಾಕಿ ಮೊದಲು ಯಾರಿಗೆ ಫೋನ್ ಮಾಡುತ್ತಾನೆಂಬುದು ಊಹೆಗೆ ಕಷ್ಟವಲ್ಲ. ವಸ್ತು ಒಂದೇ ಆದರೂ ಭಾಷೆಯಿಲ್ಲದವನಿಗೆ ಬೆಲೆ ಕಡಿಮೆ. ಹಳ್ಳಿಯ ದರ್ಜಿಯೊಬ್ಬರು ತಮ್ಮ ಯಂತ್ರದ ವಿಷಯವನ್ನೆಲ್ಲ ಬಾಯಿಮಾತಿನಲ್ಲಿ ಕನ್ನಡದಲ್ಲಿಯೇ ಹೇಳಿ, ಅದನ್ನು ಒಪ್ಪವಾದ ಇಂಗ್ಲಿಷಿನಲ್ಲಿಯೂ ಪಡೆಯಬಹುದಾದರೆ ಅದು ಸಣ್ಣ ಉಪಕಾರವಲ್ಲ. ಹಿಂದೆ ಇಂಥ ಕೆಲಸಕ್ಕೆ ಅರ್ಜಿ ಬರೆಯುವವರ ಮುಂದೆ ಕುಳಿತು ದುಡ್ಡು ಕೊಡಬೇಕಾಗಿತ್ತು.

ಕೇಡು ಇರುವುದು ಇನ್ನೊಂದು ಕಡೆ. ಅದನ್ನು ತಿಳಿಯಲು ಅರ್ಥಶಾಸ್ತ್ರದ ಒಂದು ಪ್ರಸಿದ್ಧ ಪ್ರಬಂಧವನ್ನು ನೆನೆಯಬೇಕಾಗುತ್ತದೆ. ಜಾರ್ಜ್ ಅಕೆರ್‌ಲೋಫ್ ಅವರು 1970ರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಅಮೆರಿಕದ ಆಡುಮಾತಿನಲ್ಲಿ ಹುಳುಕು ಕಾರಿಗೆ ‘ನಿಂಬೆಹಣ್ಣು’ ಎಂಬ ಹೆಸರುಂಟು. ಲೇಖನದ ಹೆಸರಿನಲ್ಲಿಯೂ ಆ ಪದವಿದೆ. ಮೂರು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ಅಚ್ಚಾದ ಈ ಲೇಖನ ಮುಂದೆ ಅವರಿಗೆ 2001ರಲ್ಲಿ ಮೈಕೇಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ದೊರಕಿಸಿಕೊಟ್ಟಿತು.

ಅವರ ವಾದವನ್ನು ನಮ್ಮ ಸೈಕಲ್ಲಿಗೆ ಅನ್ವಯಿಸಿ ನೋಡೋಣ. ಒಂದು ಊರಿನಲ್ಲಿ 100 ಹಳೆಯ ಸೈಕಲ್ಲುಗಳು ಮಾರಾಟಕ್ಕಿವೆ ಎಂದು ಭಾವಿಸಿ. ಅವುಗಳಲ್ಲಿ 50 ಒಳ್ಳೆಯವು, ಕೊಳ್ಳುವವನಿಗೆ ತಲಾ 4,000 ರೂಪಾಯಿ ಬಾಳತಕ್ಕವು. ಉಳಿದ 50 ಹುಳುಕು, ತಲಾ 1,000 ರೂಪಾಯಿ ಬಾಳತಕ್ಕವು. ಯಾವುದು ಒಳ್ಳೆಯದು, ಯಾವುದು ಹುಳುಕು ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆಗ ಬುದ್ಧಿವಂತ ಗಿರಾಕಿ ಎರಡರ ಸರಾಸರಿಯಾದ 2,500 ರೂಪಾಯಿಗಿಂತ ಹೆಚ್ಚು ಕೊಡಲು ಒಪ್ಪುವುದಿಲ್ಲ. ಆದರೆ ಒಳ್ಳೆಯ ಸೈಕಲ್ಲಿನ ಒಡೆಯ 3,000ಕ್ಕೆ ಕಡಿಮೆ ಮಾರಲಾರ. ‘ಮನೆಯಲ್ಲೇ ಇರಲಿ’ ಎಂದು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಸಂತೆಯಲ್ಲಿ ಉಳಿಯುವುದು ಹುಳುಕು ಮಾತ್ರ. ಇದನ್ನರಿತ ಗಿರಾಕಿ 1,000ದ ಮೇಲೆ ಬಿಡಿಗಾಸನ್ನೂ ಬಿಚ್ಚುವುದಿಲ್ಲ. ಹೀಗೆ ಒಳ್ಳೆಯ ವಸ್ತುವೂ ಇದ್ದು, ಅದಕ್ಕೆ ಬೆಲೆ ಕೊಡುವವನೂ ಇದ್ದು, ನಂಬಿಕೆಯೊಂದಿಲ್ಲದ್ದರಿಂದ ವ್ಯಾಪಾರವೇ ನಿಂತುಹೋಗುತ್ತದೆ. ಮೋಸಗಾರನಿಂದ ಆಗುವ ನಷ್ಟ ಮೋಸಹೋದವನ ಕಿಸೆಗೆ ಮಾತ್ರ ಸೇರಿದುದಲ್ಲ, ಪ್ರಾಮಾಣಿಕರನ್ನು ಸಂತೆಯಿಂದ ಓಡಿಸುವುದೂ ಆ ನಷ್ಟದಲ್ಲಿ ಸೇರಿದೆ ಎಂಬುದು ಅಕೆರ್‌ಲೋಫ್ ಅವರ ಮುಖ್ಯ ತೀರ್ಮಾನ. ಅವರು 1967-68ರಲ್ಲಿ ದೆಹಲಿಯಲ್ಲಿದ್ದವರು. ಅಕ್ಕಿಯದೇ ಬಣ್ಣದ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿದ ಅಕ್ಕಿಯನ್ನು ಭಾರತದ ಗೃಹಿಣಿ ಆರಿಸಬೇಕಾಗುವ ಪ್ರಸಂಗವನ್ನು ಅದೇ ಲೇಖನದಲ್ಲಿ ಪ್ರಸ್ತಾಪಿಸಿದ್ದಾರೆ. ನಮ್ಮ ತಾಯಂದಿರು ಮೊರ ಹಿಡಿದು ಮಾಡುತ್ತಿದ್ದ ಕೆಲಸ ಒಂದು ಸಿದ್ಧಾಂತಕ್ಕೆ ನಿದರ್ಶನವಾಯಿತು.

ಈಗ ಬರೆಯುವ ಯಂತ್ರದ ಪಾತ್ರವನ್ನು ನೋಡೋಣ. ಹಿಂದೆ ಒಬ್ಬನು ಕುಳಿತು ನಿಧಾನವಾಗಿ, ಒಂದೊಂದು ಭಾಗದ ವಿಷಯವನ್ನೂ ಬರೆದಿದ್ದರೆ, ‘ಇಷ್ಟು ಶ್ರಮಪಟ್ಟವನು ವಸ್ತುವನ್ನೂ ಚೆನ್ನಾಗಿ ನೋಡಿಕೊಂಡಿರಬೇಕು’ ಎಂದು ಗಿರಾಕಿ ಊಹಿಸಬಹುದಾಗಿತ್ತು. ಮೇಲೆ ಹೇಳಿದ ಸ್ಪೆನ್ಸ್ ಅವರು 1973ರಲ್ಲಿ ಇಂಥ ಗುರುತುಗಳ ವಿಷಯವನ್ನು ವಿವರಿಸಿದರು. ಗುರುತೊಂದು ನಂಬಿಕೆಗೆ ಅರ್ಹವಾಗಬೇಕಾದರೆ ಅದನ್ನು ತೋರಿಸುವುದು ಒಳ್ಳೆಯವನಿಗೆ ಸುಲಭವಾಗಿಯೂ ಕೆಟ್ಟವನಿಗೆ ದುಬಾರಿಯಾಗಿಯೂ ಇರಬೇಕು. ಚೆಂದದ ಬರವಣಿಗೆ ಈಗ ಇಬ್ಬರಿಗೂ ಬಿಟ್ಟಿಯಾಗಿ ಸಿಕ್ಕುತ್ತದೆ. ನೂರು ಸೈಕಲ್ಲುಗಳಿಗೂ ‘ಅತ್ಯುತ್ತಮ ಸ್ಥಿತಿ’ ಎಂಬ ಒಂದೇ ಪಟ್ಟಿ ಅಂಟಿಸಿದ ಮೇಲೆ ಆ ಪಟ್ಟಿಗೆ ಬೆಲೆಯೆಲ್ಲಿಂದ ಬರಬೇಕು? ಯಂತ್ರ ಸುಳ್ಳು ಹೇಳಬಹುದೆಂಬ ಭಯ ಒಂದು ಕಡೆ ಇರಲಿ. ಎಲ್ಲರ ಮಾತನ್ನೂ ಒಂದೇ ಸಮನಾಗಿ ಮಾಡಿ ಸತ್ಯವಂತನ ಮಾತನ್ನು ಗುಂಪಿನಲ್ಲಿ ಮುಳುಗಿಸುವುದು ಅದಕ್ಕಿಂತ ಹೆಚ್ಚಿನ ಭಯ.

ಹಾಗಿದ್ದರೆ ಸತ್ಯವಂತನಿಗೆ ಉಳಿದಿರುವ ಗುರುತು ಯಾವುದು? ನನ್ನ ತಿಳಿವಳಿಕೆಯಂತೆ ಅದು ಒಂದೇ: ವಸ್ತುವಿನ ದೋಷವನ್ನು ತಾನಾಗಿ, ಖಚಿತವಾಗಿ, ಬಂದು ಪರೀಕ್ಷಿಸಿಕೊಳ್ಳಬಹುದಾದ ರೀತಿಯಲ್ಲಿ ಹೇಳುವುದು. ದೋಷವನ್ನು ಹೇಳುವುದು ಮೋಸಗಾರನಿಗೆ ದುಬಾರಿ. ಹುಳುಕನ್ನು ಮುಚ್ಚುವುದರಿಂದಲೇ ಅವನ ಲಾಭ. ‘ಹಿಂದಿನ ಟಯರು ಸವೆದಿದೆ, ಬದಲಾಯಿಸಬೇಕು’ ಎಂದು ಬರೆದವನು ‘ಫ್ರೇಮಿನಲ್ಲಿ ಬಿರುಕಿಲ್ಲ’ ಎಂದಾಗ ಆ ಮಾತಿಗೆ ತೂಕ ಬರುತ್ತದೆ.

ನಮ್ಮ ಜಾನುವಾರು ಜಾತ್ರೆಗಳಲ್ಲಿ ಈ ನೀತಿ ಬಹಳ ಹಿಂದಿನಿಂದ ನಡೆದುಬಂದಿದೆ. ನನ್ನ ತಂದೆಯವರಿಗೆ ಓದುಬರಹ ಬಾರದು. ಎತ್ತಿನ ತುಟಿ ಬಿಡಿಸಿ ನೋಡಿ ವಯಸ್ಸನ್ನು ಹೇಳಬಲ್ಲರು. ದನಕ್ಕೆ ಮುಂದಿನ ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ. ಹಾಲುಹಲ್ಲು ಬಿದ್ದು ಜೊತೆಜೊತೆಯಾಗಿ ಹೊಸ ಹಲ್ಲು ಬರುವುದರಿಂದ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸುತ್ತಾರೆ. ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತಾರೆ. ‘ನಾಲ್ಕು ಹಲ್ಲಿನ ಎತ್ತು’ ಎಂಬ ಮೂರು ಪದಗಳ ವರ್ಣನೆಯಲ್ಲಿ ಅಲಂಕಾರವಿಲ್ಲ. ಆದರೆ ಯಾರು ಬೇಕಾದರೂ ಬಾಯಿ ತೆರೆಸಿ ನೋಡಬಹುದಾದ್ದರಿಂದ ಅದರಲ್ಲಿ ಬಲವಿದೆ. ‘ಎಡಕ್ಕೆ ಕಟ್ಟಿದರೆ ಎಳೆಯುವುದಿಲ್ಲ, ಬಲಕ್ಕೇ ಕಟ್ಟಬೇಕು’ ಎಂದು ಮೊದಲೇ ಹೇಳಿ ಮಾರಿದವನ ಹಟ್ಟಿಗೆ ಮರುವರ್ಷವೂ ಗಿರಾಕಿ ಹುಡುಕಿಕೊಂಡು ಬರುತ್ತಾನೆ.

ಕಾನೂನಿನ ದೃಷ್ಟಿಯಿಂದಲೂ ಒಂದು ಮಾತನ್ನು ಇಲ್ಲಿ ಸೇರಿಸಬೇಕು. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣದಂತೆ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಒಪ್ಪುವಂತಿರಬೇಕು. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು ತಿಳಿದೂ ತಿಳಿದೂ ಸಂಗತಿಯನ್ನು ಮರೆಮಾಡುವುದನ್ನು ವಂಚನೆಯೆಂದು ಎಣಿಸುತ್ತದೆ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು 18ನೆಯ ಪ್ರಕರಣ. ತನಗಿರುವ ತಿಳಿವಳಿಕೆಯ ಆಧಾರವಿಲ್ಲದೆ, ನಿಜವಲ್ಲದ ಸಂಗತಿಯನ್ನು ನಿಶ್ಚಯವಾಗಿ ಹೇಳಿದರೆ, ಹೇಳಿದವನು ಅದನ್ನು ನಿಜವೆಂದೇ ನಂಬಿದ್ದರೂ ಅದು ತಪ್ಪು ನಿರೂಪಣೆಯಾಗುತ್ತದೆ. ಯಂತ್ರ ಬರೆದ ‘ನಿಯಮಿತವಾಗಿ ಸರ್ವಿಸ್ ಮಾಡಿಸಲಾಗಿದೆ’ ಎಂಬ ವಾಕ್ಯವನ್ನು ಓದದೆ ಪ್ರಕಟಿಸಿದವನು ‘ಅದು ನನ್ನ ಮಾತಲ್ಲ’ ಎಂದು ಹೇಗೆ ಜಾರಿಕೊಂಡಾನು? ಬಸವಳಿದ ಕಾಲದ ಶಾಸನಕಾರರು ಇಂಥ ಯಂತ್ರವನ್ನು ಕನಸಿನಲ್ಲಿಯೂ ಕಂಡವರಲ್ಲ. ಆದರೂ ಅವರ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ವ್ಯಾಪಾರವನ್ನೇ ಕಸುಬಾಗಿ ಮಾಡುವವರಿಗಂತೂ ವರ್ಣನೆಯೂ ಚಿತ್ರಗಳೂ ವಸ್ತುವಿನ ನಿಜಸ್ಥಿತಿಗೆ ಹೊಂದಿರಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸುತ್ತವೆ.

ಇನ್ನು ಯಂತ್ರವನ್ನು ಬಳಸುವ ಕ್ರಮ. ಮೊದಲನೆಯದಾಗಿ, ಯಂತ್ರದ ಮುಂದೆ ಕುಳಿತುಕೊಳ್ಳುವ ಮುಂಚೆ ವಸ್ತುವಿನ ಮುಂದೆ ಕುಳಿತುಕೊಳ್ಳಬೇಕು. ಯಾವ ವರ್ಷ ಕೊಂಡದ್ದು, ಎಷ್ಟು ಬಳಸಿದ್ದು, ಯಾವ ಭಾಗ ಬದಲಾಯಿಸಿದ್ದು, ಯಾವುದು ಕೆಟ್ಟಿದೆ ಎಂಬುದನ್ನು ಒಂದು ಚೀಟಿಯಲ್ಲಿ ಗುರುತುಹಾಕಿಕೊಳ್ಳಬೇಕು. ಎರಡನೆಯದಾಗಿ, ಆ ಚೀಟಿಯಲ್ಲಿರುವುದನ್ನೆಲ್ಲ ಕೊಟ್ಟು, ‘ಇದರಲ್ಲಿ ಇಲ್ಲದ ಯಾವ ಸಂಗತಿಯನ್ನೂ ಸೇರಿಸಬೇಡ, ದೋಷಗಳನ್ನು ಬಿಡಬೇಡ, ಹೊಗಳಿಕೆಯ ಮಾತು ಬೇಡ, ತಿಳಿಯದಿದ್ದರೆ ನನ್ನನ್ನೇ ಕೇಳು’ ಎಂದು ಸ್ಪಷ್ಟವಾಗಿ ಹೇಳಬೇಕು. ಮೂರನೆಯದಾಗಿ, ಬಂದ ಬರಹವನ್ನು ವಾಕ್ಯ ವಾಕ್ಯವಾಗಿ ಓದಿ, ‘ಇದು ನನಗೆ ಹೇಗೆ ಗೊತ್ತು?’ ಎಂದು ಕೇಳಿಕೊಳ್ಳಬೇಕು. ಉತ್ತರವಿಲ್ಲದ ವಾಕ್ಯವನ್ನು ಹೊಡೆದುಹಾಕಬೇಕು. ಇಂಗ್ಲಿಷಿನಲ್ಲಿ ಬರೆಸಿದ್ದರೆ ತಿಳಿದವರಿಂದ ಓದಿಸಿ ಅರ್ಥ ತಿಳಿದುಕೊಳ್ಳಬೇಕು. ನಾಲ್ಕನೆಯದಾಗಿ, ಹೆಸರು, ವಿಳಾಸ, ಫೋನ್ ಸಂಖ್ಯೆಗಳಿರುವ ಬಿಲ್ಲಿನ ಚಿತ್ರವನ್ನು ಯಂತ್ರಕ್ಕಾಗಲಿ ತಾಣಕ್ಕಾಗಲಿ ಹಾಗೆಯೇ ಕೊಡಬಾರದು.

ಈ ಕ್ರಮದಿಂದ ಅದೇ ಸೈಕಲ್ಲಿಗೆ ದೊರೆಯುವ ವರ್ಣನೆ ಹೀಗಿರಬಹುದು:

“22 ಇಂಚಿನ ಕಪ್ಪು ಸೈಕಲ್, ಗೇರ್ ಇಲ್ಲ. 2019ರಲ್ಲಿ ಹೊಸದಾಗಿ ಕೊಂಡದ್ದು. ಮನೆಯಿಂದ ಕಾಲೇಜಿಗೆ ಮೂರು ವರ್ಷ ಓಡಿಸಿದ್ದೇನೆ. ಚೈನು ಕಳೆದ ವರ್ಷ ಬದಲಾಯಿಸಿದ್ದು. ಹಿಂದಿನ ಟಯರು ಸವೆದಿದೆ, ಬದಲಾಯಿಸಬೇಕು. ಎಡಗಡೆಯ ಪೆಡಲ್ ತುಳಿದಾಗ ಸದ್ದು ಬರುತ್ತದೆ. ಕ್ಯಾರಿಯರನ್ನು ಒಂದು ಕಡೆ ವೆಲ್ಡಿಂಗ್ ಮಾಡಿಸಿದೆ, ಚಿತ್ರದಲ್ಲಿ ಕಾಣುತ್ತದೆ. ಫ್ರೇಮಿಗೆ ಏನೂ ಆಗಿಲ್ಲ. ಬಂದು ಓಡಿಸಿ ನೋಡಿ ಕೊಳ್ಳಬಹುದು.”

ಇಲ್ಲಿ ಯಂತ್ರ ಮಾಡಿದ ಕೆಲಸ ಕ್ರಮಪಡಿಸಿದ್ದು ಮಾತ್ರ. ಸಂಗತಿಯೆಲ್ಲ ಒಡೆಯನದು. ಓದಿದವನಿಗೆ ಸೈಕಲ್ ಕಣ್ಣಿಗೆ ಕಟ್ಟುತ್ತದೆ. ಟಯರಿನ ಖರ್ಚನ್ನು ಲೆಕ್ಕಹಾಕಿಕೊಂಡೇ ಬರುತ್ತಾನೆ. ಬಂದ ಮೇಲೆ ಜಗಳಕ್ಕೆ ಕಾರಣವಿರುವುದಿಲ್ಲ.

ಕೊಳ್ಳುವವರಿಗೂ ಇದರಿಂದ ಪಾಠವುಂಟು. ವರ್ಣನೆ ಎಷ್ಟು ನಯವಾಗಿದೆ ಎಂಬುದನ್ನು ನೋಡದೆ, ಅದರಲ್ಲಿ ಆ ಒಂದು ವಸ್ತುವಿಗೆ ಮಾತ್ರ ಸಲ್ಲುವ ಸಂಗತಿ ಎಷ್ಟಿದೆ ಎಂಬುದನ್ನು ನೋಡಬೇಕು. ಯಾವ ಸೈಕಲ್ಲಿಗಾದರೂ ಒಪ್ಪುವ ವರ್ಣನೆ ಯಾವ ಸೈಕಲ್ಲಿನದೂ ಅಲ್ಲ. ದೋಷವನ್ನೇ ಹೇಳದಿದ್ದರೆ ‘ಏನೇನು ಕೆಟ್ಟಿದೆ?’ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಫೋನಾದರೆ *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆಯನ್ನು, 2023ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯವರು ಪ್ರಾರಂಭಿಸಿದ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಬೇಕು. ಕಳವಾದ ಫೋನನ್ನು ಎಷ್ಟು ಚೆನ್ನಾಗಿ ವರ್ಣಿಸಿದ್ದರೂ ಆ ಸಂಖ್ಯೆಯನ್ನು ವರ್ಣನೆ ಮರೆಮಾಡಲಾರದು.

ಪರೀಕ್ಷೆಗಳು ಮುಗಿದ ಮೇಲೆ ಅಂತಿಮ ವರ್ಷದವರಾದ ನಾವು ನಮ್ಮ ಪುಸ್ತಕ, ಸೈಕಲ್, ಟೇಬಲ್ ಫ್ಯಾನುಗಳನ್ನು ಮಾರಿ ಊರಿಗೆ ಹೊರಡುತ್ತೇವೆ. ಕೊಳ್ಳುವವರು ಬಹುಮಟ್ಟಿಗೆ ಹೊಸದಾಗಿ ಹಳ್ಳಿಗಳಿಂದ ಬರುವ ಮೊದಲ ವರ್ಷದ ಹುಡುಗ ಹುಡುಗಿಯರು. ಅವರ ತಂದೆತಾಯಿಗಳು ಜೋಡಿಸಿಕೊಟ್ಟ ಹಣ ನಮ್ಮ ಮಾತಿನ ಮೇಲೆ ನಮ್ಮ ಕೈಗೆ ಬರುತ್ತದೆ. ವರ್ಣನೆಯನ್ನು ಯಂತ್ರದಿಂದ ಬರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಬರೆಯಲು ಕಷ್ಟಪಡುವವರು ಅವಶ್ಯವಾಗಿ ಬರೆಸಿಕೊಳ್ಳಲಿ. ಆದರೆ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಹತ್ತು ಹಾಳೆಗಳಿಲ್ಲ ಎಂಬುದನ್ನು ಬಲ್ಲವರು ನಾವು ಮಾತ್ರ. ಅದನ್ನು ನಾವೇ ಹೇಳಬೇಕು.